ಕೊನೆಗೆ ಕಟ್ಟಿದ್ದು ಮೊದಲು

ಪಕ್ಕದ ಮನೆಯ ಗೋಡೆಗೆ ಮೊದಲ ಸುತ್ತಿಗೆ ಏಟು ಬಿದ್ದಾಗ ಡಿಕ್ಷನರಿ ಸಾರ್ ಅವರ ಪೆನ್ನು ಕಾಗದದ ಈ ತುದಿಯಿಂದ ಆ ತುದಿಗೆ ಗೀರಿಕೊಂಡು ಹೋಯಿತು.

ನಿಘಂಟು ಕಚೇರಿಯಲ್ಲಿ ಕೆಲಸಕ್ಕಿದ್ದ ಅವರಿಗೆ ಬೀದಿಯವರಿಟ್ಟ ಹೆಸರು ಅದು. ‘ಡೆಮಾಲಿಷ್’ ಎಂಬ ಇಂಗ್ಲಿಷ್ ಕ್ರಿಯಾಪದ ಅವರ ಪಾಲಿಗೆ ಬಂದು ತಿಂಗಳಾಗಿತ್ತು. ಅರ್ಥ ಸಿಕ್ಕಿತ್ತು, ಮೂಲವೂ ಸಿಕ್ಕಿತ್ತು. ಉದಾಹರಣೆ ವಾಕ್ಯ ಮಾತ್ರ ಇಲ್ಲ. ಕಣ್ಣಾರೆ ಕಂಡದ್ದನ್ನೇ ಉದಾಹರಣೆಯಾಗಿ ಬರೆಯಬೇಕೆಂಬುದು ಆ ಕಚೇರಿಯ ಕಟ್ಟಳೆ. ಸಾರ್ ಆದರೋ ಜನ್ಮದಲ್ಲಿ ಒಂದು ಲೋಟವನ್ನೂ ಒಡೆದವರಲ್ಲ. ಇವತ್ತು ಸಂಜೆಯೊಳಗೆ ಕೊಡದಿದ್ದರೆ ಪದವನ್ನು ಬೇರೆಯವರಿಗೆ ವಹಿಸುತ್ತೇನೆಂದು ಸಂಪಾದಕರು ಹೇಳಿಬಿಟ್ಟಿದ್ದರು. ಹಾಗಾದರೆ ಇಷ್ಟು ವರ್ಷದ ಮರ್ಯಾದೆ ಮಣ್ಣುಪಾಲು.

ಅದಕ್ಕೇ ರಜೆ ಹಾಕಿ, ಹೋದ ವರ್ಷ ಆಸೆಪಟ್ಟು ಕಟ್ಟಿಸಿದ ಬರೆಯುವ ಕೋಣೆಯಲ್ಲಿ ಕೂತಿದ್ದರು. ಅದರ ಮೂರು ಗೋಡೆ ಅವರವು. ನಾಲ್ಕನೆಯದು ಪಕ್ಕದ ಮನೆ ಟೈಲರಮ್ಮನದು. ಒಂದು ಗೋಡೆಯ ಖರ್ಚು ಉಳಿಯಿತೆಂದು ಆಗ ಬೀಗಿದ್ದೇ ಬೀಗಿದ್ದು.

ಈಗ ಆ ಗೋಡೆಯನ್ನೇ ಕೆಡವುತ್ತಿದ್ದಾರೆ! ಹುಡುಕುವ ಬಳ್ಳಿ ಕಾಲಿಗೆ ತೊಡರಿತೆಂದು ಸಾರ್ ಕಾಗದ ಹಿಡಿದು ಓಡಿದರು. ನೋಡಿದರೆ, ಮೇಸ್ತ್ರಿ ಎಲ್ಲೆಂದರಲ್ಲಿ ಬಡಿಯುತ್ತಿದ್ದ.

“ನಿಲ್ಸಪ್ಪಾ! ಇದು ಬರೀ ಒಡೆಯೋದು. ಡೆಮಾಲಿಷ್ ಅಂದ್ರೆ ಹೀಗಲ್ಲ.”

“ಗೋಡೆ ಬಿದ್ರೆ ಸಾಕಲ್ವಾ ಸಾರ್?”

“ಎಲ್ಲಾದ್ರೂ ಉಂಟೇ! ಲ್ಯಾಟಿನ್‌ನಲ್ಲಿ ‘ಮೋಲಿರಿ’ ಅಂದ್ರೆ ಕಟ್ಟೋದು. ಅದಕ್ಕೆ ಮೊದಲು ‘ಡೆ’ ಹಚ್ಚಿದ್ರೆ, ಕಟ್ಟಿದ್ದನ್ನ ಬಿಚ್ಚೋದು. ಕೊನೆಗೆ ಕಟ್ಟಿದ್ದು ಮೊದಲು ಬರ್ಬೇಕು. ಒಂದಿಟ್ಟಿಗೇನೂ ಮುರೀಬಾರ್ದು.”

ಕೊನೆಯ ಎರಡು ಮಾತು ಲ್ಯಾಟಿನ್ ಹೇಳಿದ್ದಲ್ಲ, ಸಾರ್ ಅವರ ಉತ್ಸಾಹ ಹೇಳಿದ್ದು. ಆದರೆ ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರು ಆಗಲೇ ಬಂದು ತಲೆದೂಗುತ್ತಿದ್ದರು. ಯಾರ ಮನೆಯ ಕೆಲಸವಾದರೂ ಮೇಲ್ವಿಚಾರಣೆ ಅವರದೇ.

“ಎಷ್ಟು ಚೆನ್ನಾಗಿ ಹೇಳಿದ್ರಿ! ಮೇಸ್ತ್ರಿ, ಹಾಗೇ ಮಾಡು.”

ಮೇಸ್ತ್ರಿ ಗೋಡೆಯನ್ನು ಮೇಲೆ ಕೆಳಗೆ ನೋಡಿ ತಲೆ ಕೆರೆದುಕೊಂಡ. “ಹಾಗಾದ್ರೆ ಮೊದಲು ನಿಮ್ಮ ರೂಮು ಬಿಚ್ಬೇಕು ಸಾರ್. ಈ ಗೋಡೆಗೆ ಕೊನೆಗೆ ಸೇರಿದ್ದು ಅದೇ. ತೊಲೆಗಳೆಲ್ಲ ಇದ್ರಲ್ಲೇ ಕೂತಿವೆ.”

ಸಾರ್ ತಮ್ಮ ಕೋಣೆಯ ಕಡೆ ತಿರುಗಿದರು. “ಅದು... ಅದೊಂದು ಅಪವಾದ.”

“ಅಪವಾದ ವ್ಯಾಕರಣದಲ್ಲಿ ಇರತ್ತೆ, ಗೋಡೇಲಿ ಇರಲ್ಲ,” ಎಂದರು ಹೆಡ್‌ಮಾಸ್ಟರು.

ಅಡುಗೆಮನೆಯ ಕಿಟಕಿಯಿಂದ ಸಾರ್ ಅವರ ಹೆಂಡತಿಯ ದನಿ ಬಂತು. “ಒಪ್ಕೊಳ್ಳೀಂದ್ರೆ! ಏಟಿಗೆ ಸೂರು ತಲೆ ಮೇಲೆ ಬಿದ್ರೆ ಉಳಿದ ಪದಗಳ ಗತಿ ಏನು?”

“ಗೋಡೆ ಹೊಸದಾದ ಮೇಲೆ ಇದೇ ಸಾಮಾನಲ್ಲಿ ಮತ್ತೆ ಕಟ್ಕೊಡ್ತೀನಿ ಸಾರ್,” ಎಂದ ಮೇಸ್ತ್ರಿ.

ಉದಾಹರಣೆಯೂ ಆಯಿತು, ಕೋಣೆಯೂ ಮರಳಿ ಬರುತ್ತದೆ ಎಂದು ಸಾರ್ ಒಪ್ಪಿದರು. ಶೀಟು ಇಳಿಯಿತು, ತೊಲೆ ಇಳಿಯಿತು, ಇಟ್ಟಿಗೆಗಳು ಸಾಲಾಗಿ ಕೂತವು. ಸಾರ್ ಪಕ್ಕದಲ್ಲೇ ನಿಂತು “ಭೇಷ್, ಇದು ನೋಡು ಡೆಮಾಲಿಷ್!” ಎನ್ನುತ್ತಿದ್ದರು. ಮಧ್ಯಾಹ್ನ ಇಳಿಯುವಷ್ಟರಲ್ಲಿ ಕೋಣೆಯಿದ್ದ ಕಡೆ ಅವರ ಮೇಜೊಂದೇ ಬಿಸಿಲು ಕಾಯಿಸುತ್ತಿತ್ತು.

ಮೇಸ್ತ್ರಿ ಬರಿದಾದ ಗೋಡೆಯನ್ನು ಸವರಿದ. “ಟೈಲರಮ್ಮಾ, ಇಲ್ಲಿ ಬನ್ನಿ. ಒದ್ದೆ ಹಿಡೀತು ಅಂತ ಕೆಡವಿಸ್ತಿದ್ರಲ್ಲ, ನಿಮ್ಮ ಗೋಡೆಗೇನೂ ರೋಗ ಇಲ್ಲ. ಸಾರ್ ರೂಮಿನ ಸೂರಿನ ನೀರೆಲ್ಲ ಇದರೊಳಗೆ ಇಳೀತಿತ್ತು. ಇನ್ನು ತಾನಾಗೇ ಒಣಗುತ್ತೆ. ಕೆಡವೋದೇ ಬೇಡ.”

ಟೈಲರಮ್ಮನ ಮುಖ ಅರಳಿತು. “ಬದುಕಿದೆ ಕಣಪ್ಪಾ! ಹೊಲಿದ ಬಟ್ಟೆಗೆಲ್ಲ ಬೂಷ್ಟು ಹಿಡೀತಿತ್ತು. ಸಾರ್‌ಗೆ ಹೇಳೋಕೆ ಸಂಕೋಚ.”

“ಹಾಗಾದ್ರೆ ನನ್ನ ರೂಮು?” ಎಂದರು ಸಾರ್.

“ಧಾರಾಳವಾಗಿ ಕಟ್ಕೊಳ್ಳಿ ಸಾರ್,” ಎಂದಳು ಆಕೆ, “ನಾಲ್ಕೂ ಗೋಡೆ ನಿಮ್ದೇ ಇರ್ಲಿ.”

ಕೋಣೆಯಂತೂ ಹೋಯಿತು. ಪದವಾದರೂ ಉಳಿಯಲೆಂದು ಸಾರ್ ಇಟ್ಟಿಗೆ ರಾಶಿಯ ಮೇಲೆ ಕೂತು ಸಂಪಾದಕರಿಗೆ ಫೋನು ಮಾಡಿ ವಾಕ್ಯ ಓದಿದರು: “ಪಕ್ಕದ ಮನೆಯ ಗೋಡೆ ಕೆಡವುವವರಿಗೆ ಪಾಠ ಹೇಳಲು ಹೋಗಿ ಅವನು ತನ್ನ ಕೋಣೆಯನ್ನೇ ಡೆಮಾಲಿಷ್ ಮಾಡಿಸಿಕೊಂಡನು.”

ಸಂಪಾದಕರು ಸಿಡುಕಿದರು.

“ಏನ್ರೀ ಇದು? ಕಣ್ಣಾರೆ ಕಂಡದ್ದು ಬರೀರಿ ಅಂದ್ರೆ ಕತೆ ಹೆಣೀತೀರಲ್ಲ! ಅಂಥ ಮನುಷ್ಯ ಎಲ್ಲಾದ್ರೂ ಇರ್ತಾನೇನ್ರೀ? ಬಿಡಿ, ಪದಾನ ಬೇರೆಯವರಿಗೆ ಕೊಟ್ಟಾಯ್ತು.”