ವಡೆಮಾಲೆ ಹಾಕಿಸಿಕೊಂಡ ಮುಸುವ

ನುಂಗಂಬಾಕ್ಕಂನಲ್ಲಿ ನಮ್ಮ ವಿಮಾ ಕಚೇರಿ ಮೊದಲ ಮಹಡಿಯಲ್ಲಿತ್ತು. ಕೆಳಗೆ ಕುಂದಾಪುರದವರ ಸಸ್ಯಾಹಾರಿ ಹೋಟೆಲು. ಭಕ್ತಿ, ವ್ಯಾಪಾರ ಎರಡೂ ಸೇರಿ ಮಾಡುವ ಅನಾಹುತಗಳು ನನಗೆ ದಿನವೂ ಕಾಫಿಯ ಜೊತೆಗೇ ಸಿಗುತ್ತಿದ್ದವು. ಇವು ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯವು.

೧. ನೇಮಕಾತಿ

ಹೋಟೆಲಿನ ಹಿತ್ತಲಿಗೆ ಕೋತಿಗಳ ಕಾಟ. ಒಣಗಲು ಹಾಕಿದ ಅಪ್ಪಳ ಸಂಜೆಗೆ ಉಳಿಯುತ್ತಿರಲಿಲ್ಲ. ಯಜಮಾನರು ಒಬ್ಬ ಮುದುಕನನ್ನು ಕರೆಸಿದರು. ಅವನ ಹಗ್ಗದ ತುದಿಯಲ್ಲಿ ಕಪ್ಪು ಮುಖ, ಉದ್ದ ಬಾಲದ ಮುಸುವ. ಅದು ಗೋಡೆ ಹತ್ತಿ ಕೂತದ್ದೇ ತಡ, ಕೋತಿಗಳು ಪಕ್ಕದ ಮದುವೆ ಮಂಟಪಕ್ಕೆ ವಲಸೆ ಹೋದವು.

"ಊಟಕ್ಕೆ ಏನು ಕೊಡಬೇಕು?"

"ಸೊಪ್ಪು, ಎಲೆ. ಎಣ್ಣೆಯದು ಬೇಡ ಸಾಮಿ, ಸತ್ತೇ ಹೋಗುತ್ತೆ."

ಯಜಮಾನರು ನನ್ನ ಕಡೆ ತಿರುಗಿದರು. "ಇಷ್ಟು ಕಮ್ಮಿಗೆ ಕೆಲಸದವ ಎಲ್ಲಿ ಸಿಕ್ತ ಮಾರಾಯ್ರೆ?"

೨. ಬಡ್ತಿ

ಒಂದು ಶನಿವಾರ ಗಿರಾಕಿ ಹೆಂಗಸೊಬ್ಬರು ಮುಸುವನಿಗೆ ಕೈಮುಗಿದು, ಪಾರ್ಸೆಲ್ಲಿನ ವಡೆಗಳನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿದರು. ಗುಡಿಯಲ್ಲಿ ಕಲ್ಲಿನ ಆಂಜನೇಯನಿಗೆ ಹಾಕುವ ಮಾಲೆ ಅದು, ಕಲ್ಲಿಗೆ ಅಜೀರ್ಣವಿಲ್ಲ. ಮುಸುವ ಒಂದೊಂದೇ ಕಿತ್ತು ತಿಂದಿತು. ಮುಂದಿನ ಶನಿವಾರ ಗಲ್ಲಾದ ಪಕ್ಕದಲ್ಲೇ ವಡೆಮಾಲೆಗಳು ಮಾರಾಟಕ್ಕೆ ತೂಗುತ್ತಿದ್ದವು.

ಮುದುಕ ಬೇಡಿಕೊಂಡ. ಅದು ಎಲೆ ತಿನ್ನುವ ಪ್ರಾಣಿ ಎಂದು ನಾನೂ ಹೇಳಿದೆ.

"ನೀವು ದೇವರನ್ನು ನಂಬುವವರಲ್ಲ," ಎಂದರು ಯಜಮಾನರು. "ನಿಮ್ಮತ್ರ ಎಂತ ಮಾತಾಡೂದು? ಕಾಫಿ ಕುಡೀರಿ."

೩. ರಜೆ

ಮುಸುವನ ಹೊಟ್ಟೆ ಉಬ್ಬಿತು. ಪ್ರಾಣಿಗಳ ಡಾಕ್ಟರು ಬಂದರೆ ಭಕ್ತರು ಹತ್ತಿರ ಬಿಡಲಿಲ್ಲ. ದೇವರಿಗೆ ಸೂಜಿ ಚುಚ್ಚಬಾರದಂತೆ. ಸಂಜೆಗೆ ಅದು ಮುದುಕನ ಮಡಿಲಲ್ಲಿ ಸತ್ತಿತು.

ಹೂವು, ವಾದ್ಯ, ಮೆರವಣಿಗೆ ಎಲ್ಲವೂ ಆಯಿತು. ಹೋಟೆಲಿಗೆ ಇಡೀ ದಿನ ರಜೆ. ಹಿಂದಿನ ವರ್ಷ ಅಲ್ಲಿನ ಅಡಿಗೆಯವರು ತೀರಿಕೊಂಡಾಗ ಬೆಳಗಿನ ಇಡ್ಲಿ ತಪ್ಪಿರಲಿಲ್ಲ.

೪. ಉತ್ತರಾಧಿಕಾರಿಗಳು

ಮುಸುವ ಕೂರುತ್ತಿದ್ದ ಜಾಗದಲ್ಲಿ ಪುಟ್ಟ ಗುಡಿ ಎದ್ದಿತು. ಬದುಕಿದ್ದಾಗ ನೆರಳಿಗೊಂದು ತಗಡೂ ಇರಲಿಲ್ಲ. ಈಗ ಫ್ಯಾನ್ ತಿರುಗುತ್ತಿತ್ತು. ಮುದುಕ ಬಂದು ತನ್ನ ಹಗ್ಗ ಕೇಳಿದ. ಕೊಡಲಿಲ್ಲ, ಅದು ಒಳಗೆ ಪೂಜೆಗಿತ್ತು.

ಶನಿವಾರ ಗುಡಿಗೆ ವಡೆಮಾಲೆಗಳು ಬಿದ್ದವು. ಹಿಂದೆಯೇ ಮದುವೆ ಮಂಟಪದಿಂದ ಕೋತಿಗಳು ಸಂಸಾರ ಸಮೇತ ಮರಳಿದವು. ಹಾಕಿದ ಮಾಲೆ ಕಣ್ಣೆದುರೇ ಖಾಲಿ; ಆಂಜನೇಯನೇ ಸ್ವೀಕರಿಸಿದನೆಂದು ಭಕ್ತರು ಮತ್ತೊಂದಕ್ಕೆ ಗಲ್ಲಾದತ್ತ ಓಡುತ್ತಿದ್ದರು.

"ಇನ್ನೊಂದು ಮುಸುವ ತರಿಸ್ತೀರಾ?" ಎಂದು ಕೇಳಿದೆ.

ಯಜಮಾನರು ಗಲ್ಲಾದ ಮುಂದಿನ ಸಾಲನ್ನೊಮ್ಮೆ, ಕೋತಿಗಳನ್ನೊಮ್ಮೆ ನೋಡಿದರು.

"ಬೇಡ ಮಾರಾಯ್ರೆ. ನೀವು ಅವತ್ತು ಹೇಳಿದ್ದೇ ಸರಿ. ಅದು ಎಲೆ ತಿನ್ನೂ ಜಾತಿ."