ಶನಿವಾರದ ಟಾಯರು

ಇಳಕಲ್ಲಿನ ಬಟ್ಟೆ ಅಂಗಡಿಯ ಕಾಶಪ್ಪ ತನ್ನ ಹಳೇ ಅಂಬಾಸಿಡರ್ ಕಾರನ್ನು ಹೆತ್ತ ಮಗನಿಗಿಂತ ಹೆಚ್ಚು ಮುದ್ದು ಮಾಡುತ್ತಿದ್ದ. ಅಂಥ ಕಾರಿನ ಮೇಲೆ ಆ ಶನಿವಾರ ಬೆಳಿಗ್ಗೆ ಹೆಂಡತಿ ಸಂಗವ್ವ ಒಂದು ಕರಾರು ಹಾಕಿದಳು.

"ಬಾಗಲಕೋಟಿಗೆ ತಮ್ಮನ ಕೂಸಿನ ತೊಟ್ಟಿಲಕ್ಕ ಹೊಂಟೇವಿ. ಹುನಗುಂದದಿಂದ ನಮ್ಮ ಗುರುಲಿಂಗವ್ವಕ್ಕ ಬಸ್ಸಿನಾಗ ಬರ್ತಾಳ. ಆಕಿ ಮುಂದ ನಾ ಕಾರಿನಿಂದ ಇಳೀಬೇಕು. ನಾನ ಬಸ್ಸಿನಿಂದ ಇಳಿಯೂ ಹೊತ್ತು ಬಂತಂದ್ರ ಈ ಡಬ್ಬಿ ಮಾರಿಬಿಡಬೇಕು, ನೋಡ್ರಿ."

"ನಿನ್ನಾಣಿ ಮಾರ್ತೇನಿ," ಎಂದ ಕಾಶಪ್ಪ. ಆಣೆ ಮಾಡುವ ಮೊದಲು ಟಾಯರು ನೋಡಬೇಕಿತ್ತು, ಪುಣ್ಯಾತ್ಮ.

ಹೊರಡುವಾಗ ನೆರೆಮನೆಯ ಕನಕಪ್ಪ ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದ. ಬಾಗಲಕೋಟೆಯಲ್ಲಿ ಅವನಿಗೇನೂ ಕೆಲಸವಿರಲಿಲ್ಲ. ಕಾರು ಹೊರಟಿತ್ತು, ಅಷ್ಟೇ.

ಅಮೀನಗಡ ಇನ್ನೇನು ಬಂತು ಅನ್ನುವಾಗ ಹಿಂದಿನ ಟಾಯರು ಢಂ ಎಂದಿತು. ಕಾಶಪ್ಪ ಡಿಕ್ಕಿಯಿಂದ ಸ್ಟೆಪ್ನಿ ತೆಗೆದ. ಅದು ಕನಕಪ್ಪನ ತಲೆಯಷ್ಟೇ ನುಣ್ಣಗಿತ್ತು. ಅದನ್ನೇ ಹಾಕಿ, ತೆವಳುತ್ತ ಬಸ್ ಸ್ಟ್ಯಾಂಡಿನ ಪಕ್ಕದ ನಬಿಸಾಬನ ಟಾಯರ್ ಅಂಗಡಿ ಮುಟ್ಟಿಸಿದ. ಕರದಂಟು ತಿನ್ನುತ್ತಿದ್ದ ಮಂದಿಯೆಲ್ಲ ಸುತ್ತ ನೆರೆಯಿತು.

"ಜೀಪಿಂದು ಹಾಕಸ್ರಿ. ದೊಡ್ಡದಿದ್ರ ಜೋರ ಓಡತೈತಿ," ಎಂದ ಕನಕಪ್ಪ.

"ಓಡೂದಲ್ಲ, ಕುಂಟತೈತಿ! ಗಾಲಿ ಎಲ್ಲಾ ಒಂದ ಅಳತಿ ಇರಬೇಕ್ರಿ," ಎಂದು ನಬಿಸಾಬ ಸರಿಯಾದ ಹೊಸ ಟಾಯರು ಉರುಳಿಸಿಕೊಂಡು ಬಂದ. ಕಾಶಪ್ಪ ಅದನ್ನು ಮೂಸಿ ನೋಡಿ, ಹಿಗ್ಗಿ ರೊಕ್ಕ ಎಣಿಸಿಕೊಟ್ಟ.

"ತಡೀರಿ!" ಕನಕಪ್ಪ ಕೈ ಅಡ್ಡ ಹಿಡಿದ. "ಇವತ್ತ ಶನಿವಾರ. ಕರೇ ಬಣ್ಣದ ಸಾಮಾನು ಶನಿವಾರ ತೊಡಸ್ತಾರೇನ್ರಿ?"

"ತಗೊಂಡಾತಲ್ಲೋ ಮಾರಾಯಾ!" ಎಂದ ಕಾಶಪ್ಪ.

"ತಗೊಳ್ಳೂದು ಬ್ಯಾರೆ, ತೊಡಸೂದು ಬ್ಯಾರೆ. ಸೋಮವಾರ ಕಾಯಿ ಒಡದು ಹಾಕಸ್ರಿ."

ಕರದಂಟಿನ ಬಾಯಿಗಳೆಲ್ಲ ಹೌದೌದು ಎಂದವು. ಹೊಸ ಟಾಯರು ಡಿಕ್ಕಿ ಸೇರಿತು.

ನಬಿಸಾಬ ಹಣೆ ಬಡಿದುಕೊಂಡ. "ಹಂಗಾದ್ರ ಈ ಬೋಳು ಸ್ಟೆಪ್ನಿ ಮ್ಯಾಲ ಸಾವಕಾಶ ಹೋಗ್ರಿ. ನೀವು, ಜೋಡಿಗಿ ಒಬ್ಬರು, ಅಷ್ಟ. ಮಂದಿ ತುಂಬಿದ್ರ ಇದೂ ಹಾರತೈತಿ."

ಕನಕಪ್ಪ ಮುಖ ಊದಿಸಿಕೊಂಡು ದೂರ ಸರಿದ. ಸಂಗವ್ವ ಮುಂದಿನ ಸೀಟಿನಲ್ಲಿ ಸೆರಗು ಸರಿಪಡಿಸಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಬಾಗಲಕೋಟೆ ಬಸ್ಸು ಬಂದು ನಿಂತಿತು. ಅದರಿಂದ ಬಾಯಿಗೆ ಸೆರಗು ಒತ್ತಿಕೊಂಡು ಗುರುಲಿಂಗವ್ವ ಇಳಿದಳು.

"ಸಂಗೀ, ಹೊಟ್ಟಿ ತೊಳಸಾಕತ್ತೈತವ್ವಾ. ಇನ್ನೊಂದು ಮಾರು ಸೈತ ಆ ಬಸ್ಸಿನಾಗ ಕೂಡಾಕ ಆಗೂದಿಲ್ಲ."

ಸಂಗವ್ವ ಗಂಡನನ್ನು ನೋಡಿದಳು. ಗಂಡ ನಬಿಸಾಬನನ್ನು ನೋಡಿದ. ನಬಿಸಾಬ ಒಂದು ಬೆರಳು ಎತ್ತಿ ತೋರಿಸಿದ. "ಒಬ್ಬರ ರೀ!"

ಹಿರಿಯಕ್ಕನಿಗೆ ಇಲ್ಲ ಅನ್ನಲಾದೀತೆ? "ಕುಂದ್ರಕ್ಕಾ," ಎಂದು ಹಲ್ಲು ಕಡಿಯುತ್ತ ಸಂಗವ್ವ ಇಳಿದಳು.

ಕಾಶಪ್ಪ ಅವಳ ಕಿವಿಯಲ್ಲಿ ಗೋಗರೆದ: "ಬಾಗಲಕೋಟಿ ಸ್ಟ್ಯಾಂಡಿನ್ಯಾಗ ನಿಂದರು. ಅಲ್ಲೇ ಕಾರು ಹತ್ತಿಸ್ಕೋತೇನಿ, ಮನಿತನಕ ನಾಕ ಹೆಜ್ಜಿ ಸ್ಟೆಪ್ನಿ ತಡೀತೈತಿ. ಮನ್ಯಾಗ ಯಾರಿಗೂ ತಿಳಿಯೂದಿಲ್ಲ."

ಸಂಗವ್ವ ಬಸ್ಸು ಹತ್ತಿದಳು. ಹಿಂದೆಯೇ ಕನಕಪ್ಪನೂ ಹತ್ತಿದ. ಅಲ್ಲೇ ಕಾಶಪ್ಪನ ಗ್ರಹಚಾರ ಕೆಟ್ಟಿತು.

ಬೋಳು ಸ್ಟೆಪ್ನಿ ಹೇಗೋ ತಡೆಯಿತು. ಎತ್ತಿನ ಬಂಡಿಗಳಿಗೂ ದಾರಿ ಬಿಟ್ಟುಕೊಡುತ್ತ ಕಾಶಪ್ಪ ಬಾಗಲಕೋಟೆ ಸ್ಟ್ಯಾಂಡು ಮುಟ್ಟಿದ. ಸಂಗವ್ವ ಅಲ್ಲಿರಲಿಲ್ಲ. ಗಾಬರಿಯಾಗಿ ಮಾವನ ಮನೆಗೆ ಹೋದರೆ, ಬೀಗರು ನೆಂಟರೆಲ್ಲ ಬಾಗಿಲಲ್ಲೇ ನಿಂತಿದ್ದರು. ನಡುವೆ ಸಂಗವ್ವ ಕೆಂಡವಾಗಿದ್ದಳು.

"ಅಕ್ಕಾರು ಯಾಕ ಸ್ಟ್ಯಾಂಡಿನಿಂದ ನಡೀಬೇಕಂತ ಡ್ರೈವರಗ ಹೇಳಿ ಬಸ್ಸು ಸೀದಾ ಮನಿ ಮುಂದ ನಿಂದರಿಸಿದೆ ನೋಡ್ರಿ!" ಕನಕಪ್ಪ ಬೀಗಿದ.

ಕಾರಿನ ಬಾಗಿಲು ತೆರೆದು ಗುರುಲಿಂಗವ್ವ ಗತ್ತಿನಿಂದ ಇಳಿದಳು.

"ಅಯ್ಯ, ಗುರುಲಿಂಗವ್ವ ಕಾರು ತಗೊಂಡಾಳ!" ಎಂದು ಯಾರೋ ಕೂಗಿದರು. ಆಕೆ ಇಲ್ಲ ಅನ್ನಲಿಲ್ಲ. ಹೊಟ್ಟೆ ತೊಳಸುವುದೂ ನಿಂತಿತ್ತು.

"ಆಣಿ ನೆನಪೈತಲ್ಲರಿ?" ಎಂದಳು ಸಂಗವ್ವ.

ಗಿರಾಕಿ ಹುಡುಕುವ ಕಷ್ಟವೂ ಬರಲಿಲ್ಲ. ಮೊದಲೇ ಬಂದಿದ್ದ ಗುರುಲಿಂಗವ್ವನ ಗಂಡ ಅಂದಾನಪ್ಪ ಮುಂದೆ ಬಂದ. "ಮಂದಿ ಹೆಂಗೂ ಅಂದಾರ. ಅದನ್ನ ಖರೆ ಮಾಡಿಬಿಡೂಣು."

ಸೋಮವಾರ ಹುನಗುಂದದಲ್ಲಿ ಅಂದಾನಪ್ಪ ಕಾಯಿ ಒಡೆದು ಹೊಸ ಟಾಯರು ತೊಡಿಸಿದ. ಕಾರು ಒಪ್ಪಿಸಲು ಹೋಗಿದ್ದ ಕಾಶಪ್ಪ ಕೊಬ್ಬರಿ ಚೂರು ಕೈಯಲ್ಲಿ ಹಿಡಿದು ಇಳಕಲ್ ಬಸ್ಸಿಗೆ ಕಾಯುತ್ತ ನಿಂತ. ಕಾರು ಧೂಳೆಬ್ಬಿಸುತ್ತ ಅವನ ಮುಂದೆಯೇ ಹಾದುಹೋಯಿತು. ಹಿಂದಿನ ಸೀಟಿನಲ್ಲಿ ಕನಕಪ್ಪ ಕೂತಿದ್ದ.