ಬಾತುಕೋಳಿಯ ತೀರ್ಪು

ರಗಳೆಯೆಲ್ಲ ಶುರುವಾದದ್ದು ಹೆಬ್ಬೆರಳಿನಷ್ಟು ಎತ್ತರದ ಒಂದು ಬಾತುಕೋಳಿಯಿಂದ.

ಬೆಳಗಿನ ಮೊದಲ ಗಂಟೆಗೂ ಮುಂಚೆ ಹೆಡ್ ಮೇಡಂ ಆಟ ಕಲಿಸುವ ಸೀಟಿ ಮೇಷ್ಟ್ರನ್ನು ಕೋಣೆಗೆ ಕರೆಸಿ, ಮೇಜಿನ ಮೇಲಿದ್ದ ಮೊಬೈಲನ್ನು ಅವರತ್ತ ತಳ್ಳಿದರು.

"ಇದನ್ನ ಆಡಿ ನೋಡಿ, ಮೇಷ್ಟ್ರೇ."

"ನಾನಾ?"

"ಮಕ್ಕಳ ಆಟೋಟದ ಗೇಮ್. ಕಾರ್ಟೂನ್ ಪ್ರಾಣಿಗಳು ಓಡ್ತವೆ, ಜಿಗೀತವೆ, ಗೋಲು ಹೊಡೀತವೆ. ಆಡಳಿತ ಮಂಡಳಿಯವರಿಗೆ ಹಿಡಿಸಿಬಿಟ್ಟಿದೆ. ಆಟದ ಪೀರಿಯಡ್ಡೆಲ್ಲ ಇನ್ಮೇಲೆ ಹಾಲ್‌ನಲ್ಲೇ ಮಾಡಬಹುದಂತೆ. ಬಿಸಿಲಿಲ್ಲ, ಧೂಳಿಲ್ಲ, ಮಂಡಿ ತರಚೋದಿಲ್ಲ."

"ನಾನೂ ಇಲ್ಲ" ಅಂದರು ಮೇಷ್ಟ್ರು.

ಮೇಡಂ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. ಮೈದಾನಕ್ಕೆ ಒಂದು ದಿನವೂ ಕಾಲಿಡದವರೇ ಮೈದಾನದ ಹಣೆಬರಹ ಬರೆಯುವುದು ಅವರಿಗೂ ಸೇರದ ವಿಷಯ.

"ನೋಡಿ, ಮೂರು ಗಂಟೆಗೆ ಗೇಮ್ ಮಾಡಿದವರು ಬರ್ತಾರೆ. ಅದರಲ್ಲಿ ಒಬ್ಬ ರೆಫ್ರಿ ಇದ್ದಾನೆ. ಅವನು ಕೊಡೋ ತೀರ್ಪಿನಲ್ಲಿ ಒಂದೇ ಒಂದು ತಪ್ಪು ತೋರಿಸಿ, ಬರೆದು ಸಹಿ ಹಾಕಿ ಕೊಡಿ. ವಾಪಸ್ ಕಳಿಸಿಬಿಡ್ತೀನಿ. ಆದ್ರೆ ಸುಳ್ಳು ಬೇಡ."

ಆ ಕೊನೆಯ ಮಾತು ಬೇಕಿರಲಿಲ್ಲ. ಸೀಟಿ ಮೇಷ್ಟ್ರು ಹನ್ನೊಂದು ವರ್ಷದಿಂದ ಹಂಗಾಮಿ ನೌಕರ. ಕೆಲಸ ಕಾಯಂ ಆಗದಿದ್ದರೂ ಅವರ ಮಾತು ಕಾಯಂ. ಪೋಷಕರ ಪಂದ್ಯದಲ್ಲಿ ಹೆಡ್ ಮೇಡಂ ಅವರ ಗಂಡನಿಗೇ ಕೆಂಪು ಕಾರ್ಡು ತೋರಿಸಿ ಹೊರಗೆ ಕಳಿಸಿದ ಮನುಷ್ಯ. ಮೇಡಂ ಅಂದು ಸಂಜೆ ಗಂಡನ ಜೊತೆ ಮಾತು ಬಿಟ್ಟರೇ ಹೊರತು ಮೇಷ್ಟ್ರ ಜೊತೆ ಬಿಡಲಿಲ್ಲ.

ಮೇಷ್ಟ್ರು ಮೊಣಕೈಗಳಿಂದ ಪ್ಯಾಂಟು ಮೇಲೇರಿಸಿಕೊಂಡು, ಎರಡು ಸಲ ಗಂಟಲು ಸರಿಮಾಡಿಕೊಂಡು, ಮೊಬೈಲನ್ನು ಸತ್ತ ಇಲಿಯ ಹಾಗೆ ಎರಡೇ ಬೆರಳಲ್ಲಿ ಹಿಡಿದು ಹೊರಟರು. ಮೈದಾನದಲ್ಲಿ ಸಾಲಾಗಿ ನಿಂತಿದ್ದ ಮಕ್ಕಳಿಗೆ "ಎರಡು ರೌಂಡ್ ಓಡ್ತಿರಿ, ಬಂದೆ" ಅಂದು, ಆಟದ ಸಾಮಾನಿನ ಕೋಣೆ ಹೊಕ್ಕು, ಗಾಳಿ ಹೋದ ಚೆಂಡುಗಳ ನಡುವೆ ಕುಳಿತರು.

ಬೈಯಬೇಕೆಂದೇ ಕುಳಿತಿದ್ದರು. ಹತ್ತು ನಿಮಿಷಕ್ಕೆ ಬೈಗುಳ ಒಣಗಿಹೋಯಿತು.

ಭಾರ ಎತ್ತುವ ಕರಡಿ ಚಪ್ಪಾಳೆ ಬಿದ್ದರೆ ನಾಚಿ ಕೆಂಪಾಗುತ್ತಿತ್ತು. ಎತ್ತರ ಜಿಗಿದ ಮುಳ್ಳುಹಂದಿ ಹಾಸಿಗೆಗೆ ತೂತಾದದ್ದಕ್ಕೆ ಎಲ್ಲರ ಕ್ಷಮೆ ಕೇಳುತ್ತಿತ್ತು. ಸೋತ ಮೊಲ ಗೆದ್ದ ಆಮೆಯ ಕೈ ಕುಲುಕದೆ ಮುಂದಿನ ಆಟವೇ ತೆರೆಯುತ್ತಿರಲಿಲ್ಲ. ಮೇಷ್ಟ್ರು ಗಂಟಲು ಹರಿದುಕೊಂಡರೂ ನಾಲ್ಕನೇ ಕ್ಲಾಸಿಗೆ ಕಲಿಸಲಾಗದ ಪಾಠ ಅದು.

ಎಲ್ಲಕ್ಕಿಂತ ಆ ರೆಫ್ರಿ! ಗುಂಡು ಹೊಟ್ಟೆಯ ಬಾತುಕೋಳಿ. ರೆಕ್ಕೆಯಲ್ಲಿ ಚಡ್ಡಿ ಮೇಲೇರಿಸಿಕೊಂಡು, ಗಂಟಲು ಸರಿಮಾಡಿಕೊಂಡು, ಸೀಟಿ ಊದಿ ತೀರ್ಪು ಕೊಟ್ಟರೆ ಮುಗಿಯಿತು. ಕರಡಿ ಅತ್ತರೂ ಕರಗುವವನಲ್ಲ. ಪ್ರತಿ ಆಟದ ಕೊನೆಗೆ "ಮುಂದಿನವರು!" ಅನ್ನುವನು.

"ಏನು ಕಣ್ಣು, ಏನು ಗತ್ತು!" ಎಂದು ಮೇಷ್ಟ್ರು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಇವನಿಂದಲೇ ತಮ್ಮ ಕೆಲಸ ಹೋಗುವುದೆಂಬುದು ನೆನಪಾಗಿ ಮೊಬೈಲನ್ನು ಮತ್ತೆ ಎರಡೇ ಬೆರಳಲ್ಲಿ ಹಿಡಿದುಕೊಂಡರು.

ಅಷ್ಟರಲ್ಲಿ ಗಣಿತದ ಮೇಷ್ಟ್ರು ಇಣುಕಿದರು. "ಏನ್ರೀ, ಕೋಣೆಯೊಳಗೆ ಯಾರಿಗೆ ಶಹಬ್ಬಾಸ್ ಅಂತಿದ್ದೀರಿ?"

ವಿಷಯ ತಿಳಿದದ್ದೇ ಅವರು ಜೇಬಿನಿಂದ ಸ್ಕೇಲು ತೆಗೆದರು. "ಕಣ್ಣಿಗೆ ಕಾಣದ ತಪ್ಪು ಅಳತೆಗೆ ಸಿಗುತ್ತೆ. ತಗೊಳ್ಳಿ, ಉದ್ದ ಜಿಗಿತ ಹಾಕಿ." ಅವರು ಪರದೆಯ ಮೇಲೆ ಸ್ಕೇಲಿಟ್ಟು ಮೊಲದ ಜಿಗಿತ ಅಳೆದರು. ಬಾತುಕೋಳಿ ಹೇಳಿದ್ದೇ ಸರಿ. ಕಪ್ಪೆಯದು ಅಳೆದರು. ಅದೂ ಸರಿ. ಮೂರನೆಯ ಸಲ ಸ್ಕೇಲು ತಗುಲಿ ಮುಳ್ಳುಹಂದಿ ಮುಗ್ಗರಿಸಿ ಬಿತ್ತು, ಬಾತುಕೋಳಿ ಸೀಟಿ ಊದಿ "ಹೊರಗಿನವರ ಕೈವಾಡ!" ಎಂದು ಆಟ ನಿಲ್ಲಿಸಿತು.

"ಅಬ್ಬಬ್ಬ, ನನ್ನನ್ನೂ ಹಿಡಿದುಬಿಟ್ಟ!" ಗಣಿತದ ಮೇಷ್ಟ್ರು ಕಣ್ಣರಳಿಸಿದರು. "ಬಿಡ್ರೀ, ಇವನು ಸಾಮಾನ್ಯದವನಲ್ಲ."

ಗಂಟೆ ಬಾರಿಸುವ ಅಕ್ಕ ಕೋಲು ಕಂಕುಳಲ್ಲಿ ಇರುಕಿಕೊಂಡು ಬಂದಳು. "ಅಯ್ಯೋ, ಹಿಂಗಾ ಒತ್ತೋದು? ಕೊಡಿ ಇಲ್ಲಿ." ಒಂದೇ ಹೆಬ್ಬೆರಳಲ್ಲಿ ಮೂರು ಪದಕ ಹೊಡೆದಳು. ನಡುವೆ ಎರಡು ಗಂಟೆ ಬಾರಿಸುವುದು ಮರೆತಳು. ಶಾಲೆಯ ಒಂದು ಕಡೆ ಇತಿಹಾಸ ಮುಗಿಯಲೇ ಇಲ್ಲ, ಇನ್ನೊಂದು ಕಡೆ ವಿಜ್ಞಾನ ಶುರುವಾಗಲೇ ಇಲ್ಲ. ಮೈದಾನದಲ್ಲಿ ಮಕ್ಕಳು ಹನ್ನೆರಡನೇ ರೌಂಡಿನಲ್ಲಿದ್ದರು.

"ಈ ಬಾತುಕೋಳೀನ ಎಲ್ಲೋ ನೋಡಿದ ಹಾಗಿದೆಯಲ್ಲ, ಸಾರ್" ಅಂದಳು ಅಕ್ಕ.

"ಬಾತುಕೋಳಿಗಳೆಲ್ಲ ಒಂದೇ ಥರ ಇರ್ತವೆ. ನೀನು ಆಡಕ್ಕ, ಗಂಟೆ ಎರಡೂವರೆ ಆಗ್ತಾ ಬಂತು!"

ಕೊನೆಯ ಆಟ ಉಳಿದಿತ್ತು. ಇನ್ನೂರು ಮೀಟರ್ ಓಟ. ಮೂರನೇ ಲೇನಿನಲ್ಲಿ ಉದ್ದ ಬಾಲದ ನರಿಮರಿ. ಅಕ್ಕ ಅದನ್ನು ಗಾಳಿಯ ಹಾಗೆ ಓಡಿಸಿದಳು. ತಿರುವಿನಲ್ಲಿ ಬಾಲದ ತುದಿ ಬಿಳಿ ಗೆರೆಯನ್ನು ಹಾಗೇ ಸವರಿತು. ನರಿಮರಿ ಎಲ್ಲರಿಗಿಂತ ಮೊದಲು ದಾರ ಮುಟ್ಟಿ ಕುಣಿಯುತ್ತಿದ್ದಾಗ—

ಪೀಈಈ! "ಔಟ್! ಗೆರೆ ಅಂದ್ರೆ ಗೆರೆ, ಮರಿ!"

ನರಿಮರಿ ಬಾಲ ಮಡಚಿಕೊಂಡು ಅಲ್ಲೇ ಕುಳಿತುಬಿಟ್ಟಿತು. ಅದರ ಮುಖ ನೋಡಿ ಅಕ್ಕನ ಕಣ್ಣಲ್ಲಿ ನೀರು ಬಂತು.

ಸೀಟಿ ಮೇಷ್ಟ್ರು ಚೆಂಡಿಗಿಂತ ಎತ್ತರ ಪುಟಿದರು. "ಸಿಕ್ಕಿಬಿದ್ದ! ಕಾಲು ಗೆರೆ ತುಳಿದ್ರೆ ಔಟು. ಬಾಲ ಕಾಲಲ್ಲ!" ಬೀರುವಿನಿಂದ ನಿಯಮದ ಪುಸ್ತಕ ಎಳೆದು ನೋಡಿದರು. ಗೆರೆಯ ನಿಯಮದಲ್ಲಿ ಹೇಳಿದ್ದು ಪಾದವೊಂದನ್ನೇ. ಸಂತೋಷದ ಹಿಂದೆಯೇ ಸಿಟ್ಟು ನುಗ್ಗಿತು. ಬೆಳಗಿನಿಂದ ತಾನು ಮೆಚ್ಚಿಕೊಂಡವನು ಕೊನೆಗೆ ಹೀಗೆ ಮಾಡುವುದೇ? ಅದೇ ಬಿಸಿಯಲ್ಲಿ ಬರೆದರು, ಕಾಗದ ಹರಿಯುವ ಹಾಗೆ ಒತ್ತಿ ಸಹಿ ಹಾಕಿದರು.

ಮೂರು ಗಂಟೆಗೆ ಕೋಣೆಯಲ್ಲಿ ಲ್ಯಾಪ್‌ಟಾಪ್ ಹಿಡಿದ ಒಬ್ಬಳು ಹುಡುಗಿ ಕುಳಿತಿದ್ದಳು. ಕೂದಲು ಗಿಡ್ಡಕ್ಕೆ ಕತ್ತರಿಸಿಕೊಂಡಿದ್ದಳು. ಮೇಷ್ಟ್ರು ಕೊಟ್ಟ ಕಾಗದವನ್ನು ಮೇಡಂ ಮುಖವರಳಿಸಿ ಜೋರಾಗಿ ಓದಿದರು:

"'ಗೆಲ್ಲುವ ಮಗುವನ್ನು ಬಾಲ ತಗುಲಿತೆಂದು ಹೊರಗೆ ಹಾಕುವವನಿಗೆ ನಿಯಮವೂ ಗೊತ್ತಿಲ್ಲ, ಮಕ್ಕಳೂ ಗೊತ್ತಿಲ್ಲ. ಇಂಥ ತೀರ್ಪುಗಾರನನ್ನು ಮಕ್ಕಳ ಹತ್ತಿರ ಸುಳಿಯಲು ಬಿಡಬಾರದು. ಕೂಡಲೇ ತೆಗೆದುಹಾಕಬೇಕು.' ಏನಮ್ಮಾ, ಇದಕ್ಕೇನು ಹೇಳ್ತೀಯ?"

ಹುಡುಗಿ ಮೇಷ್ಟ್ರನ್ನೇ ನೋಡುತ್ತಿದ್ದಳು. "ಸಾರ್, ನನ್ನ ಗುರುತು ಸಿಗಲಿಲ್ವಾ? ನೀವು ಈ ಶಾಲೆಗೆ ಬಂದ ಮೊದಲನೇ ವರ್ಷ. ನಾನು ಏಳನೇ ಕ್ಲಾಸು. ಆಗ ಮೊಣಕಾಲ ತನಕ ಜಡೆ ಇತ್ತು. ಇನ್ನೂರು ಮೀಟರ್, ಮೂರನೇ ಲೇನ್."

ಮೇಷ್ಟ್ರ ಕೈ ತಾನಾಗಿ ಪ್ಯಾಂಟಿನ ಕಡೆ ಹೋಯಿತು.

"ರಿಬ್ಬನ್ ಬಿಚ್ಚಿಕೊಂಡು ಗೆರೆಗೆ ತಾಗಿತು ಅಂತ ಸೀಟಿ ಊದಿದ್ರಿ. ಗೆರೆ ಅಂದ್ರೆ ಗೆರೆ, ಮರಿ ಅಂದ್ರಿ."

ಮೇಷ್ಟ್ರು ಮೇಡಂ ಕೈಯಲ್ಲಿದ್ದ ಕಾಗದದ ಮೇಲಿನ ತಮ್ಮ ಸಹಿಯನ್ನೇ ನೋಡಿದರು.

"ಸಿಟ್ಟಿಲ್ಲ ಸಾರ್" ಎಂದಳು ಹುಡುಗಿ ಗಾಬರಿಯಿಂದ. "ನಿಮ್ಮಂಥ ರೆಫ್ರೀನ ನಾನು ಬೇರೆಲ್ಲೂ ನೋಡಿಲ್ಲ. ಅದಕ್ಕೇ ನಿಮ್ಮನ್ನೇ ಹಾಕಿದೆ. ಆ ನಡಿಗೆ, ಆ ಗಂಟಲು, ಆ ಪ್ಯಾಂಟು ಏರಿಸೋದು, ಎಲ್ಲ. ನೂರಕ್ಕೆ ನೂರು ನೀವೇ ಇರಲಿ ಅಂತ ಆ ತೀರ್ಪನ್ನೂ ಬಿಡಲಿಲ್ಲ. ತಪ್ಪು ಅಂತ ನೀವೇ ಹೇಳಿದ ಮೇಲೆ, ಸರಿಮಾಡೋದು ಎರಡು ನಿಮಿಷದ ಕೆಲಸ."

ಲ್ಯಾಪ್‌ಟಾಪಿನ ಮೇಲೆ ಟಕಟಕ ಬೆರಳಾಡಿದವು. ಪರದೆಯಲ್ಲಿ ನರಿಮರಿ ಮತ್ತೆ ಓಡಿತು, ಬಾಲ ಗೆರೆ ಸವರಿತು, ದಾರ ಮುಟ್ಟಿತು. ಬಾತುಕೋಳಿ ಗಂಟಲು ಸರಿಮಾಡಿಕೊಂಡಿತು: "ಗೆದ್ದೆ, ಮರಿ!" ಹುಡುಗಿ ಹನ್ನೆರಡು ವರ್ಷದವಳ ಹಾಗೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಹೆಡ್ ಮೇಡಂ ಕಾಗದವನ್ನು ನಿಧಾನವಾಗಿ ಮಡಚಿದರು. ಮೇಷ್ಟ್ರ ಕಡೆ ಆಸೆಯಿಂದ, ಬೇಡಿಕೊಳ್ಳುವವರ ಹಾಗೆ ನೋಡಿದರು. "ಇನ್ನೊಂದು ತಪ್ಪು ಇದ್ದೇ ಇರುತ್ತೆ ಅಲ್ವಾ, ಮೇಷ್ಟ್ರೇ? ಹೇಳಿ, ನಾನು ಬರ್ಕೋತೀನಿ."

ಒಂದು ಸುಳ್ಳು ಸಾಕಿತ್ತು.

ಮೇಷ್ಟ್ರು ಪ್ಯಾಂಟು ಮೇಲೇರಿಸಿಕೊಂಡರು. ಎರಡು ಸಲ ಗಂಟಲು ಸರಿಮಾಡಿಕೊಂಡರು. "ಇಲ್ಲ ಮೇಡಂ. ಈಗ ಒಂದೂ ಇಲ್ಲ." ಕೊರಳಿನ ಸೀಟಿ ತೆಗೆದು ಮೇಜಿನ ಮೇಲಿಟ್ಟು, ಜೇಬಿನಿಂದ ಕೆಂಪು ಕಾರ್ಡು ತೆಗೆದು ಅದರ ಪಕ್ಕದಲ್ಲಿಟ್ಟರು.

ಬಾಗಿಲಲ್ಲಿ ಕಿವಿಗೊಟ್ಟಿದ್ದ ಅಕ್ಕ ತಡೆಯಲಾರದೆ ಅಂದಳು, "ನಾನು ಆಗಲೇ ಹೇಳಲಿಲ್ವಾ ಸಾರ್, ಎಲ್ಲೋ ನೋಡಿದೀನಿ ಅಂತ?"

ಮೇಜಿನ ಮೇಲೆ ಬಾತುಕೋಳಿ ಸೀಟಿ ಊದಿತು. "ಮುಂದಿನವರು!"

ಸೀಟಿ ಕೇಳಿದರೆ ಮುಂದಿನ ಮಗುವಿಗೆ ಜಾಗ ಬಿಡುವ ಹನ್ನೊಂದು ವರ್ಷದ ಅಭ್ಯಾಸ ನೋಡಿ, ಮೇಷ್ಟ್ರು ಥಟ್ಟನೆ ಪಕ್ಕಕ್ಕೆ ಸರಿದು ದಾರಿಬಿಟ್ಟರು.